ಎಡಗೈ ತುತ್ತು

ಮೂವತ್ತು ವರ್ಷದ ಹಿಂದೆ ಅರ್ಧಕ್ಕೆ ನಿಂತುಹೋಗಿದ್ದ ‘ಶನಿಯಾಚೆ’ ಧಾರಾವಾಹಿಯ ಹೊಸ ಕಂತುಗಳು ಈಗ ಪ್ರತಿ ಭಾನುವಾರ ಆಕಾಶದಿಂದಲೇ ಬರುತ್ತಿದ್ದವು. ನಮ್ಮ ಪ್ರಸಾರವನ್ನು ಅಲ್ಲೆಲ್ಲೋ ಹಿಡಿದ ಅನ್ಯಗ್ರಹದವರು, ಅದೇ ನಟರ ರೂಪಗಳನ್ನು ಸೃಷ್ಟಿಸಿ, ಕಥೆಯನ್ನು ತಾವೇ ಮುಂದುವರಿಸಿದ್ದರು. ಜನ ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ಕಪ್ತಾನನ ಪಾತ್ರ ಮಾಡಿದ್ದ ಗಂಡ ತೀರಿಕೊಂಡು ವರ್ಷಗಳಾಗಿದ್ದರೂ ವನಮಾಲಾ ಕೂಡ ನೋಡುತ್ತಿದ್ದಳು.

ಇವತ್ತು ಕಪ್ತಾನ ಊಟಕ್ಕೆ ಕೂತು, ಎಡಗೈಯಲ್ಲಿ ಅನ್ನ ಕಲಸಿ ತುತ್ತು ಎತ್ತಿದ.

“ಅಯ್ಯೋ ಆಂಟಿ, ಅಂಕಲ್‌ಗೆ ಎಡಗೈಲಿ ತಿನ್ನಿಸ್ತಿದ್ದಾರೆ ನೋಡಿ! ಪಾಪ, ನಮ್ಮ ಪದ್ಧತಿ ಅವರಿಗೇನು ಗೊತ್ತು?” ಎಂದು ಪಕ್ಕದ ಮನೆಯ ಜಾಹ್ನವಿ ನಕ್ಕಳು.

ವನಮಾಲಾ ನಗಲಿಲ್ಲ.

“ನೋಡೋರು ಬೈತಾರೆ ಅಂತ ಡೈರೆಕ್ಟರು ಯಾವಾಗಲೂ ಬಲಗೈಲೇ ತಿನ್ನಿಸ್ತಿದ್ರು. ನಮ್ಮನೆಯವರು ಎಡಗೈಲಿ ತಿಂತಿದ್ದಿದ್ದು ನಮ್ಮ ಅಡುಗೆಮನೇಲಿ ಮಾತ್ರ ಕಣೆ. ಅದೂ ಕಿಟಕಿ ಹಾಕ್ಕೊಂಡು.”