ಕೆಂಪು ಸ್ಕಾರ್ಫು

“ಹಿಂದೆ ಮಂಕಿ ಕ್ಯಾಪ್ ಹಾಕ್ಕೊಂಡು ಕೂತವ್ರಲ್ಲ, ಆ ಅಜ್ಜಿ ನಿಮ್ಮೋರಾ ಮೇಡಂ?” ಪಕ್ಕದ ಕುರ್ಚಿಯ ಆಯೇಷಾ ನಗುತ್ತ ಕೇಳಿದಾಗ ಶಶಿರೇಖಾಳ ಬಾಯಿಂದ, “ಅಯ್ಯೋ ಇಲ್ಲಪ್ಪ, ಯಾರೋ ಏನೋ” ಎಂಬ ಮಾತು ಬಂದೇಬಿಟ್ಟಿತು. ಹಿಂದಿನ ಸಾಲಿನಲ್ಲಿದ್ದದ್ದು ಅವಳ ಅತ್ತೆ ಮುನಿತಾಯಮ್ಮ. ಮೈತುಂಬ ಕಂಬಳಿ, ತೊಡೆಯ ಮೇಲೆ ಉಬ್ಬಿದ ವೈರ್ ಬ್ಯಾಗು, ಕ್ಯಾಪಿನೊಳಗೆ ಕಿವಿಗೆ ಹತ್ತಿ. ಹತ್ತಿ ಇದೆಯಲ್ಲ, ಕೇಳಿಸಿರಲಾರದು ಎಂದುಕೊಂಡಳು ಶಶಿರೇಖಾ.

ಪಿಲ್ಲಗುಂಪೆಯ ಗಾರ್ಮೆಂಟ್ಸ್ ಕಾರ್ಖಾನೆಯ ವಾರ್ಷಿಕೋತ್ಸವ. ಬಯಲು ತುಂಬ ಜನ. ಸೂಪರ್‌ವೈಸರ್ ಆದಮೇಲೆ ಅವಳಿಗೆ ಇದೇ ಮೊದಲನೆಯದು. “ಡಿಸೆಂಬರ್ ಚಳಿ ಕಣವ್ವ, ಒಂದು ಸ್ವೆಟರ್ ಆದ್ರೂ ಹಾಕ್ಕೋ” ಎಂದು ಅತ್ತೆ ಮನೆಯಲ್ಲೇ ಬಡಕೊಂಡಿದ್ದರೂ, ಹೊಸ ರೇಷ್ಮೆ ಸೀರೆ ಮುಚ್ಚಿಹೋಗುತ್ತದೆಂದು ಇವಳು ಕೇಳಿರಲಿಲ್ಲ. ಈಗ ಹೊತ್ತು ಮುಳುಗಿ ಗಾಳಿ ಬೀಸಿದ್ದೇ ತಡ, ಹಲ್ಲು ಕಟಕಟ ಎನ್ನತೊಡಗಿದವು. ಸೆರಗನ್ನು ಎಷ್ಟು ಬಿಗಿಯಾಗಿ ಹೊದ್ದರೂ ನಡುಕ ನಿಲ್ಲಲಿಲ್ಲ.

ಹಿಂದಿನಿಂದ ಒಂದು ಕೈ ಬಂದು ಆಯೇಷಾಳ ಭುಜ ಮುಟ್ಟಿತು. ಆ ಕೈಯಲ್ಲಿ ಮಡಿಸಿಟ್ಟ ಕೆಂಪು ಉಲ್ಲನ್ ಸ್ಕಾರ್ಫು. ತಾಯಿಯಿಲ್ಲದ ಸೊಸೆಗೆ ತಾನೇ ಬಾಣಂತನ ಮಾಡಿದ ಮುನಿತಾಯಮ್ಮ, ಐದು ತಿಂಗಳು ದಿನಾ ಬೆಳಿಗ್ಗೆ ಅವಳ ಕಿವಿಗೆ ಹತ್ತಿಯಿಟ್ಟು, ಗದ್ದದ ಕೆಳಗೆ ಗಂಟು ಹಾಕುತ್ತಿದ್ದದ್ದು ಇದೇ ಸ್ಕಾರ್ಫಿಗೆ. ಶಶಿರೇಖಾ ತಲೆ ತಗ್ಗಿಸಿದಳು.

“ಇದ್ನ ಆ ಹೆಣ್ಮಗೀಗೆ ಕೊಡವ್ವ” ಎಂದಳು ಮುನಿತಾಯಮ್ಮ, ಸೊಸೆಯ ಕಡೆ ನೋಡದೆ. “ಯಾರ ಮನೆ ಸೊಸೆಯೋ ಏನೋ. ಪಾಪ, ನಡುಗ್ತಾವ್ಳೆ.”