ಹೊಸ್ತಿಲ ಎತ್ತರ

ಹೊಳೆದಂಡೆಯ ಓಣಿಯಲ್ಲಿ ಅಂದು ಮನೆಗಳ ಎತ್ತರ ಅಳೆಯುವವರಿದ್ದರು. ಹೋದ ಮಹಾಪೂರದ ನೀರಿನ ಗುರುತಿಗಿಂತ ಹೊಸ್ತಿಲು ಮೇಲಿದ್ದರೆ ಪ್ರಮಾಣಪತ್ರ ಸಿಗುತ್ತದೆ, ಮನೆ ಉಳಿಯುತ್ತದೆ, ಕೆಳಗಿದ್ದರೆ ತೆರವು. ಶಾವಂತ್ರವ್ವ ಬೆಳಗಾಗುತ್ತಲೇ ಹೊಸ್ತಿಲು ತೊಳೆದು, ಅರಿಸಿನ ಬಳಿದು, ಕುಂಕುಮವಿಟ್ಟು, ಉದ್ದಕ್ಕೂ ಸೇವಂತಿಗೆ ಜೋಡಿಸಿದಳು.

ಅಳತೆಗೋಲು ಹಿಡಿದು ಬಂದ ಸರ್ವೇಯರ್ ಬೂಟು ಕಳಚಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಶಾವಂತ್ರವ್ವನ ಎದೆ ಹಗುರಾಯಿತು. ದೇವರಂಥ ಮನುಷ್ಯ ಬಂದನೆಂದು ಚಹಾ ಕಾಸಲು ಒಳಗೆ ಹೋದಳು.

ಚಹಾ ತರುವಷ್ಟರಲ್ಲಿ ಅಳತೆ ಮುಗಿದಿತ್ತು.

“ನಾಕು ಬೆರಳು ಕಡಿಮಿ ಬಿತ್ತು, ಯವ್ವಾ,” ಎಂದ ಅವನು, ತಲೆ ಎತ್ತದೆ.

“ಏನಂದ್ರಿ? ಅಷ್ಟು ಹೊಳಿ ಬಂದಾಗ್ಲೂ ನೀರು ಮೆಟ್ಟಲಾ ಮುಳುಗಿಸಿ, ಹೊಸ್ತಿಲಾ ಮುಟ್ಟದ ತಿರುಗಿ ಹೋತ್ರೀ. ಓಣಿ ಮಂದೀನ್ನೆಲ್ಲಾ ಕೇಳ್ರಿ ಬೇಕಾದ್ರ!”

“ಮಂದಿ ಮಾತು ನಡ್ಯಂಗಿಲ್ಲ. ಅಳತಿ ಏನ್ ಹೇಳ್ತೈತಿ ಅದಾ ಖರೆ.”

“ನಿಮ್ಮ ಕಾಲು ಬೀಳ್ತೀನಿ, ಇನ್ನೊಮ್ಮಿ ಅಳೀರಿ ಸಾಹೇಬ್ರ.”

“ಮೊಬೈಲ್‌ನ್ಯಾಗ ಆಗಳೇ ಕಚೇರಿಗೆ ಹೋಗಿಬಿಟ್ಟೈತಿ. ತಿದ್ದೋದು ನನ್ನ ಕೈಯಾಗಿಲ್ಲ.”

ಶಾವಂತ್ರವ್ವ ಚಹಾದ ಕಪ್ಪುಬಸಿ ನೆಲಕ್ಕಿಟ್ಟಳು.

“ಹಂಗಾರ ನಮ್ಮ ಹೊಸ್ತಿಲಾ ತಾನಾಗೇ ಕೆಳಗ ಇಳೀತೇನ್ರೀ?”

ಸರ್ವೇಯರ್ ಬೂಟಿನ ದಾರ ಬಿಗಿಯುತ್ತ ಸೇವಂತಿಗೆಯ ಸಾಲಿನ ಕಡೆ ನೋಡಿದ.

“ಲಕ್ಷ್ಮೀನ್ನ ಕುಂದ್ರಿಸೀರಿ. ಆಕಿ ಮ್ಯಾಲ ಕೋಲು ಹೆಂಗ ಊರಲಿ? ಕೆಳಗಿನ ಮೆಟ್ಟಲ ಮ್ಯಾಲ ಇಟ್ಟು ಅಳದೆ.”