ಕತ್ತಾಳೆಯ ಚಾಟಿ

ಶುಭ ಶುಕ್ರವಾರದ ಶಿಲುಬೆಯಾಟದಲ್ಲಿ ಚೌರಪ್ಪನದು ಹನ್ನೆರಡು ವರ್ಷದಿಂದ ಒಂದೇ ವೇಷ, ಯೇಸುವಿಗೆ ಹೊಡೆಯುವ ಸಿಪಾಯಿ. ಕತ್ತಾಳೆ ನಾರಿನ ಚಾಟಿಯನ್ನು ಅವನೇ ಹೆಣೆಯುತ್ತಿದ್ದ. ಈ ಸಲ ನಾರಿನೊಳಗೆ ಮುಳ್ಳುತಂತಿಯ ತುಂಡುಗಳನ್ನೂ ಸೇರಿಸಿ ಹೆಣೆದ. ಏಕೆಂದರೆ ಈ ಸಲ ಯೇಸುವಿನ ವೇಷ ರಾಯಪ್ಪನದು. ತಾನೇ ಹೋಗಿ ಫಾದರ್ ಹತ್ತಿರ ಕೇಳಿ ಪಡೆದುಕೊಂಡಿದ್ದನಂತೆ.

ಎರಡು ವರ್ಷದ ಹಿಂದೆ ಕಣದಲ್ಲಿ ರಾಯಪ್ಪ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಟ್ಟಾಗ ಚೌರಪ್ಪನ ತಮ್ಮ ಚಕ್ರದಡಿ ಸಿಕ್ಕಿ ಸತ್ತಿದ್ದ. ಕುಡಿದು ಅವನೇ ಬಂದು ಬಿದ್ದ ಎಂದು ಪೊಲೀಸರಿಗೆ ಹೇಳಿ ರಾಯಪ್ಪ ಪಾರಾದ. ಆ ತಮ್ಮನೋ, ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ.

ಯೇಸುವಿನ ವೇಷದವರು ನಿಲುವಂಗಿಯೊಳಗೆ ಬೆನ್ನಿಗೆ ಗೋಣಿ ಕಟ್ಟಿಕೊಳ್ಳುವುದು ಊರಿನ ವಾಡಿಕೆ. ಮುಳ್ಳು ಗೋಣಿಯನ್ನು ದಾಟಬೇಕು ಎಂಬುದೊಂದೇ ಚೌರಪ್ಪನ ಯೋಚನೆಯಾಗಿತ್ತು.

ಮಧ್ಯಾಹ್ನದ ಉರಿಬಿಸಿಲಿನಲ್ಲಿ, ದೇವಾಲಯದ ಮುಂದಿನ ಕಂಬಕ್ಕೆ ರಾಯಪ್ಪನ ಕೈ ಕಟ್ಟಿದರು. ಹೆಂಗಸರು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

“ಏನ್ ಚೌರಣ್ಣ, ಹೋದ ವರ್ಷ ಸೊಳ್ಳೆ ಓಡಿಸ್ದಂಗೆ ಹೊಡ್ದೆ ಅಂತ ಊರೆಲ್ಲ ನಗಾಡ್ತು,” ಎಂದ ರಾಯಪ್ಪ, ಮೆಲ್ಲಗೆ.

“ಈ ಸಲ ಯಾರೂ ನಗಾಕಿಲ್ಲ ಬಿಡು.”

ಚೌರಪ್ಪ ಚಾಟಿ ಎತ್ತಿದ. ಬೆವರಿಗೆ ಅಂಟಿದ ಬಿಳಿ ಬಟ್ಟೆಯಡಿ ರಾಯಪ್ಪನ ಬೆನ್ನಿನ ಮೂಳೆಗಳು ಒಂದೊಂದಾಗಿ ಕಾಣುತ್ತಿದ್ದವು.

“ಗೋಣಿ ಎಲ್ಲೋ?”

“ಬಿಚ್ಚಿಟ್ಟು ಬಂದೆ ಕಣಣ್ಣ. ತಪ್ಪಾಯ್ತು ಅನ್ನಕ್ಕೆ ನಿನ್ನೆ ನಿಮ್ಮನೆ ಹಿತ್ಲಿಗೆ ಬಂದಿದ್ದೆ; ನೀನು ಚಾಟಿಗೆ ಮುಳ್ಳುತಂತಿ ಹೆಣೀತಾ ಕೂತಿದ್ದೆ.”